ಪಕಾರ, ಹಕಾರ ಮತ್ತು ಮರೆವಿನ ಅಳತೆ: ಕಿರು ಅರಿವಿನ ಪರೀಕ್ಷೆಗಳ ಕನ್ನಡ ರೂಪಗಳನ್ನು ಕುರಿತು

ಡಿಮೆನ್ಷಿಯಾವನ್ನೂ ಅದಕ್ಕೆ ಮುನ್ಸೂಚನೆಯಾಗಬಹುದಾದ ಸೌಮ್ಯ ಅರಿವಿನ ಕ್ಷೀಣತೆಯನ್ನೂ ಗುರುತಿಸುವ ಕಿರು ಪರೀಕ್ಷೆಗಳು ಸ್ಮೃತಿಯನ್ನು ತಲುಪುವುದು ಬಹುಮಟ್ಟಿಗೆ ಭಾಷೆಯ ಮೂಲಕ. 1975ರ ಎಂಎಂಎಸ್‌ಇ, 2005ರ ಮೋಕಾ, ಅಡೆನ್‌ಬ್ರೂಕ್ಸ್ ಪರೀಕ್ಷೆ ಮೂರೂ ಕನ್ನಡಕ್ಕೆ ಬಂದಿವೆ. ಅನುವಾದ ಸರಿಯಿದೆಯೇ ಎಂದು ಕೇಳಿದಷ್ಟು, ಅನುವಾದಿತ ಪ್ರಶ್ನೆ ಮೂಲ ಪ್ರಶ್ನೆ ಅಳೆದದ್ದನ್ನೇ ಅಳೆಯುತ್ತದೆಯೇ ಎಂದು ಭಾಷಾವಿಜ್ಞಾನಿಗಳಾದ ನಾವು ಕೇಳಿಲ್ಲ.

ಅಡೆನ್‌ಬ್ರೂಕ್ಸ್‌ನ ಇಂಗ್ಲಿಷ್ ರೂಪದಲ್ಲಿ 'ಪಿ' ಅಕ್ಷರದಿಂದ ಮೊದಲಾಗುವ ಪದಗಳನ್ನು ಒಂದು ನಿಮಿಷ ಹೇಳಬೇಕು. ಅದನ್ನು 'ಪ' ಎಂದು ಬದಲಿಸಿದರೆ ಸಾಕೆಂದು ತೋರಬಹುದು. ಆದರೆ ಹಳಗನ್ನಡದ ಪದಾದಿ ಪಕಾರ ನಡುಗನ್ನಡದ ವೇಳೆಗೆ ಹಕಾರವಾಯಿತು: ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪಂಪಾ ಹಂಪೆಯಾದದ್ದೂ ಹೀಗೆಯೇ. ಇಂದು ಪಕಾರದಿಂದ ಮೊದಲಾಗುವ ಪದಗಳಲ್ಲಿ ಪುಸ್ತಕ, ಪತ್ರ, ಪರೀಕ್ಷೆ, ಪೊಲೀಸ್ ಮುಂತಾದ ಎರವಲುಗಳೇ ಹೆಚ್ಚು. ಹೀಗಿರುವಾಗ ಅಂಕ ಸಲ್ಲುವುದು ನಿರರ್ಗಳತೆಗಿಂತ ಓದಿಗೆ. 'ಹ'ವನ್ನು ಆರಿಸಿಕೊಂಡರೂ ತೊಡಕು ತಪ್ಪದು. ಅನೇಕ ಉಪಭಾಷೆಗಳಲ್ಲಿ ಹಳ್ಳಿ 'ಅಳ್ಳಿ'. ಆ ನುಡಿಗನ ಮನಸ್ಸಿನ ಪದಕೋಶದಲ್ಲಿ ಅದು ಯಾವ ಅಕ್ಷರದ ಪದ? ಪಾ, ಪಿ, ಪ್ರ ಲೆಕ್ಕಕ್ಕೆ ಬರುತ್ತವೆಯೇ? ಕಾಗುಣಿತ ಕಲಿತವರಿಗೆ ಘಟಕವಾಗಿರುವುದು ಅಕ್ಷರ, ಧ್ವನಿಮಾ ಅಲ್ಲ. ಕಲಿಯದವರಿಗೆ ಪ್ರಶ್ನೆಯೇ ಅರ್ಥಹೀನ.

ಪುನರುಚ್ಚಾರದ್ದು ಬೇರೆ ಬಗೆಯ ತೊಡಕು. ಎಂಎಂಎಸ್‌ಇ ಇಫ್, ಆ್ಯಂಡ್, ಬಟ್ ಎಂಬ ಅವ್ಯಯಗಳಿಗೆ ಬಹುವಚನ ಪ್ರತ್ಯಯ ಹಚ್ಚಿ ನಾಲಿಗೆಯನ್ನು ತೊಡರಿಸುತ್ತದೆ. ಕನ್ನಡದಲ್ಲಿ ಷರತ್ತು ಕ್ರಿಯಾಪದಕ್ಕೆ ಅಂಟುವ ಪ್ರತ್ಯಯವಾದ್ದರಿಂದ ಅರ್ಥವನ್ನು ತಂದರೂ ಆ ಕಷ್ಟವನ್ನು ತರಲಾಗದು. ಮೋಕಾ ಯಥಾವತ್ ಪುನರುಚ್ಚಾರವನ್ನೇ ಬಯಸುತ್ತದೆ. ಶಿಷ್ಟ ವಾಕ್ಯವನ್ನು ಕೇಳಿ ತಮ್ಮ ಆಡುಮಾತಿನಲ್ಲಿ ತಿರುಗಿ ಹೇಳಿದವರು ಅದನ್ನು ಗ್ರಹಿಸಿ ಮರುರೂಪಿಸಿರುತ್ತಾರೆ. ಆದರೂ ಸಿಗುವುದು ಸೊನ್ನೆ. ಹನ್ನೆರಡು ವರ್ಷ ಅಥವಾ ಅದಕ್ಕಿಂತ ಕಡಿಮೆ ಓದಿದವರಿಗೆ ಮೂಲ ಮೋಕಾ ಒಂದು ಅಂಕ ಕೂಡಿಸುತ್ತದೆ ನಿಜ, ಆದರೆ ಪಿಯುಸಿ ಮುಗಿಸಿದವರಿಗೂ ಶಾಲೆಯ ಮೆಟ್ಟಿಲನ್ನೇ ಹತ್ತದವರಿಗೂ ಅದೇ ಒಂದು ಅಂಕ!

ಸ್ಥಳದ ಅರಿವಿನ ಪ್ರಶ್ನೆಯಾದರೂ ನಿರಪಾಯವೇ? ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಹಂಪಸಾಗರದ ವೃದ್ಧೆಯೊಬ್ಬರನ್ನು 'ಇದು ಯಾವ ಜಿಲ್ಲೆ?' ಎಂದು ಕೇಳಿದೆವೆನ್ನಿ. 2021ರಲ್ಲಿ ವಿಜಯನಗರ ಜಿಲ್ಲೆ ಆಗುವವರೆಗೆ ಅದು ಬಳ್ಳಾರಿ. ಅವರು 'ಬಳ್ಳಾರಿ' ಎಂದರೆ ಅದು ಮರೆವೇ, ರೂಢಿಯೇ? ಹರಪನಹಳ್ಳಿಯವರ ಪಾಡು ಇನ್ನೂ ಕಷ್ಟ: ಬಳ್ಳಾರಿಯಿಂದ 1997ರಲ್ಲಿ ದಾವಣಗೆರೆಗೆ, ಮರಳಿ ಬಳ್ಳಾರಿಗೆ, ಅಲ್ಲಿಂದ ವಿಜಯನಗರಕ್ಕೆ.

ದಾರಿ ಇಲ್ಲವೆಂದಲ್ಲ. ಹರಿಯಾಣದ ಬಲ್ಲಭಗಡದ ಗ್ರಾಮೀಣ ವೃದ್ಧರಿಗಾಗಿ ರೂಪಿಸಿ 1995ರಲ್ಲಿ ಪ್ರಕಟಿಸಿದ ಹಿಂದಿ ಎಂಎಂಎಸ್‌ಇ, ಓದುವ ಆಜ್ಞೆಯ ಬದಲು ಪರೀಕ್ಷಕರನ್ನು ನೋಡಿ ಅನುಕರಿಸುವ ಕ್ರಿಯೆಯನ್ನು ಇರಿಸಿತು. ಐಸಿಎಂಆರ್‌ನ ಪರೀಕ್ಷಾ ಸಂಚಯ ಕನ್ನಡವೂ ಸೇರಿದಂತೆ ಐದು ಭಾರತೀಯ ಭಾಷೆಗಳಲ್ಲಿ ಸಿದ್ಧವಾಗಿದೆ. ಕತ್ತರಿಸು ಅಂಕವನ್ನು ಇಳಿಸುವುದನ್ನು ಮಾತ್ರ ಪರಿಹಾರವೆನ್ನಲಾರೆ: ಓದಿಲ್ಲದ ಆರೋಗ್ಯವಂತೆ ರೋಗಿಯೆನಿಸುವುದು ತಪ್ಪಿದರೂ, ಓದಿದ ರೋಗಿ ಕಣ್ತಪ್ಪಿ ಹೋಗುತ್ತಾರೆ. ಕನ್ನಡ ರೂಪವನ್ನು ಪ್ರಕಟಿಸುವವರು ಅಂಕಪಟ್ಟಿಯ ಜೊತೆಗೆ ಒಪ್ಪಿದ ಮತ್ತು ತಳ್ಳಿದ ಉತ್ತರಗಳ ಪಟ್ಟಿಯನ್ನೂ ಕೊಡಲಿ. 'ಅಳ್ಳಿ' ಯಾವುದರಲ್ಲಿದೆ ಎಂದು ನೋಡೋಣ.