ಶಾಲಾ ನಾಯಕತ್ವದ ವ್ಯಾಸಂಗದಲ್ಲಿ ಯಂತ್ರದ ಸ್ಥಾನ

ಶಾಲೆಗಳ ಮುಖ್ಯಸ್ಥರಾಗಬಯಸುವವರಿಗೆ ಅಮೆರಿಕದ ವಿಶ್ವವಿದ್ಯಾನಿಲಯಗಳಲ್ಲಿ ಸ್ನಾತಕೋತ್ತರ ವ್ಯಾಸಂಗದ ಏರ್ಪಾಡು ಬಹುಕಾಲದಿಂದ ಇದೆ. ಈಚಿನ ದಶಕಗಳಲ್ಲಿ ಅಲ್ಲಿಯ ಹಲವು ವಿದ್ಯಾಪೀಠಗಳು ಶಿಕ್ಷಣ ತಂತ್ರಜ್ಞಾನವನ್ನು ಇದರ ವಿಶೇಷ ವಿಷಯವನ್ನಾಗಿ ಸೇರಿಸಿಕೊಂಡಿವೆ. ನಾಯಕತ್ವ, ತಂತ್ರಜ್ಞಾನ ಇವೆರಡನ್ನೂ ಒಂದೇ ಪದವಿಯಲ್ಲಿ ಕೂಡಿಸಿದಾಗ ಯಾವುದು ಯಾವುದಕ್ಕೆ ಅಧೀನವಾಗಿರಬೇಕೆಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಎರಡು ಕೃತಿಗಳನ್ನು ಮುಂದಿಟ್ಟುಕೊಂಡು ಇದನ್ನು ಪರಿಶೀಲಿಸುವುದು ನಮ್ಮ ಉದ್ದೇಶ.

ಮೊದಲನೆಯದು, ಕೊಲಂಬಿಯಾ ವಿಶ್ವವಿದ್ಯಾನಿಲಯದ ಟೀಚರ್ಸ್ ಕಾಲೇಜಿನ ಅಧ್ಯಕ್ಷರಾಗಿದ್ದ ಆರ್ಥರ್ ಲೆವಿನ್ ಅವರು ೨೦೦೫ರಲ್ಲಿ ಪ್ರಕಟಿಸಿದ ‘ಎಜುಕೇಟಿಂಗ್ ಸ್ಕೂಲ್ ಲೀಡರ್ಸ್’ ಎಂಬ ವರದಿ. ಪ್ರವೇಶದ ಮಟ್ಟ ಇಳಿದಿದೆ, ಬೋಧಿಸುವ ವಿಷಯಗಳಿಗೂ ಶಾಲೆಯ ನಿತ್ಯದ ಕಾರ್ಯಕ್ಕೂ ಸಂಬಂಧ ಸಡಿಲವಾಗಿದೆ, ವೇತನ ಏರುವುದೆಂಬ ಕಾರಣಕ್ಕೇ ಪದವಿಗೆ ಬರುವವರು ಅನೇಕರು ಎಂಬುವು ಅವರ ಮುಖ್ಯ ಆಕ್ಷೇಪಗಳು. ಶಾಲಾ ಆಡಳಿತದ ಡಾಕ್ಟರೇಟ್ ಪದವಿಯನ್ನು ಕೈಬಿಟ್ಟು, ವ್ಯವಹಾರಾಡಳಿತದ ಸ್ನಾತಕೋತ್ತರ ಪದವಿಯ ಮಾದರಿಯಲ್ಲಿ ಹೊಸದೊಂದನ್ನು ರೂಪಿಸಬೇಕೆಂದು ಅವರು ಸೂಚಿಸಿದರು. ರೋಗವನ್ನು ಅವರು ಸರಿಯಾಗಿಯೇ ಗುರುತಿಸಿದ್ದಾರೆ. ಸೂಚಿಸಿದ ಮದ್ದು ಮಾತ್ರ ನಮಗೆ ಪೂರ್ಣವಾಗಿ ಒಪ್ಪಿಗೆಯಾಗದು. ವ್ಯವಹಾರಶಾಸ್ತ್ರ ಹೇಗೆ ಕೊಳ್ಳಬೇಕೆಂಬುದನ್ನು ಕಲಿಸಬಲ್ಲುದು. ಮಗುವಿನ ಕಲಿಕೆಗೆ ಏನು ಬೇಕೆಂಬುದನ್ನು ಕಲಿಸಲಾರದು.

ಎರಡನೆಯದು, ಲ್ಯಾರಿ ಕ್ಯೂಬನ್ ಅವರ ‘ಟೀಚರ್ಸ್ ಅಂಡ್ ಮೆಷೀನ್ಸ್’ (೧೯೮೬). ಚಲನಚಿತ್ರವು ಪಠ್ಯಪುಸ್ತಕಗಳ ಸ್ಥಾನವನ್ನು ಬಹುಮಟ್ಟಿಗೆ ಆಕ್ರಮಿಸುವುದೆಂದು ೧೯೨೨ರಲ್ಲಿ ಎಡಿಸನ್ ಭವಿಷ್ಯ ನುಡಿದಿದ್ದನು. ಚಲನಚಿತ್ರ, ರೇಡಿಯೋ, ದೂರದರ್ಶನಗಳು ಒಂದಾದ ಮೇಲೊಂದು ಬಂದರೂ ತರಗತಿಯ ಬೋಧನಕ್ರಮ ಅಲ್ಪವಾಗಿಯೇ ಬದಲಾಯಿತೆಂಬುದನ್ನು ಕ್ಯೂಬನ್ ತೋರಿಸಿಕೊಡುತ್ತಾರೆ. ಉಪಾಧ್ಯಾಯನ ಹಿಂಜರಿಕೆಯನ್ನು ಹಠವೆಂದು ನಿಂದಿಸದೆ, ಅದರ ಹಿಂದಿರುವ ವಿವೇಕವನ್ನು ಅರಸಿರುವುದು ಈ ಗ್ರಂಥದ ಹೆಚ್ಚಿನ ಗುಣ. ಆದರೆ ಗ್ರಂಥದ ದೃಷ್ಟಿ ತರಗತಿಯ ಮೇಲೆಯೇ ನೆಟ್ಟಿರುವುದರಿಂದ, ಮುಖ್ಯಸ್ಥನು ಮಾಡಬೇಕಾದುದೇನೆಂಬುದು ಅಷ್ಟು ಸ್ಪಷ್ಟವಾಗಿ ಮೂಡಿಲ್ಲ.

ಆ ಕೊರತೆ ಎಷ್ಟು ದುಬಾರಿಯಾಗಬಲ್ಲುದೆಂಬುದಕ್ಕೆ ಲಾಸ್ ಏಂಜಲೀಸ್ ನಗರದ ಶಾಲಾಡಳಿತವೇ ನಿದರ್ಶನ. ಅದು ೨೦೧೩ರಲ್ಲಿ ತನ್ನ ಎಲ್ಲ ವಿದ್ಯಾರ್ಥಿಗಳಿಗೂ ಐಪ್ಯಾಡ್ ಒದಗಿಸುವ ಯೋಜನೆಯನ್ನು ಆರಂಭಿಸಿತು. ಕೆಲವೇ ವಾರಗಳಲ್ಲಿ ವಿದ್ಯಾರ್ಥಿಗಳು ಆ ಉಪಕರಣಕ್ಕೆ ಹಾಕಿದ್ದ ನಿರ್ಬಂಧಗಳನ್ನು ಕಳಚಿದರು. ಮರುವರ್ಷವೇ ಆ ಗುತ್ತಿಗೆಯ ಮುಂದಿನ ಖರೀದಿಯನ್ನು ನಿಲ್ಲಿಸಬೇಕಾಯಿತು. ಇಲ್ಲಿ ತಪ್ಪಿದುದು ಯಂತ್ರವಲ್ಲ. ಯಾವ ಪಾಠಕ್ಕಾಗಿ, ಯಾರ ಸಿದ್ಧತೆಯನ್ನು ನಂಬಿ ಇದನ್ನು ತರುತ್ತೇವೆಂಬ ವಿಚಾರ ಖರೀದಿಗಿಂತ ಮೊದಲೇ ನಡೆಯಬೇಕಾಗಿತ್ತು.

ಈ ಪ್ರಶ್ನೆ ಅಮೆರಿಕಕ್ಕೆ ಮಾತ್ರ ಸೇರಿದುದಲ್ಲ. ೧೯೭೫ರ ಆಗಸ್ಟಿನಿಂದ ಒಂದು ವರ್ಷ ಕಾಲ, ಅಮೆರಿಕದಿಂದ ಎರವಲಾಗಿ ಬಂದ ಉಪಗ್ರಹದ ಮೂಲಕ ಭಾರತದ ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಿಗೆ ದೂರದರ್ಶನದ ಪಾಠಗಳು ಬಂದವು. ಅಂದಿನ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿದ್ದವು. ಆ ಅವಧಿಯಲ್ಲಿಯೇ ಸಾವಿರಾರು ಪ್ರಾಥಮಿಕ ಶಾಲಾ ಉಪಾಧ್ಯಾಯರಿಗೆ ವಿಜ್ಞಾನಬೋಧನೆಯ ತರಬೇತಿಯನ್ನೂ ಕೊಡಲಾಯಿತು. ೧೯೭೬ರ ಜುಲೈಯಲ್ಲಿ ಎರವಲಿನ ಅವಧಿ ಮುಗಿಯಿತು. ಉಪಗ್ರಹ ಹೋದ ಮೇಲೂ ಶಾಲೆಯಲ್ಲಿ ಉಳಿದವನು ಉಪಾಧ್ಯಾಯ. ಅವನು ಕಲಿತುದಷ್ಟೇ ಮಕ್ಕಳ ಪಾಲಿಗೆ ಸ್ಥಿರವಾಗಿ ಉಳಿಯತಕ್ಕ ಲಾಭ.

ಆದುದರಿಂದ, ಇಂತಹ ವ್ಯಾಸಂಗವನ್ನು ನಮ್ಮ ವಿಶ್ವವಿದ್ಯಾನಿಲಯಗಳು ರೂಪಿಸುವಲ್ಲಿ ಉಪಕರಣಗಳ ಪರಿಚಯಕ್ಕಿಂತ ಮೊದಲು ಮೂರು ಅಭ್ಯಾಸಗಳಿಗೆ ಎಡೆ ಕೊಡಬೇಕೆಂಬುದು ನಮ್ಮ ಮತ. ವಿದ್ಯಾರ್ಥಿಯು ತರಗತಿಯಲ್ಲಿ ಕುಳಿತು, ಪಾಠ ಎಲ್ಲಿ ತೊಡಕುವುದೆಂಬುದನ್ನು ಗುರುತಿಸಬೇಕು. ಉಪಕರಣದ ಬೆಲೆಯೊಡನೆ ಅದರ ದುರಸ್ತಿಯ ವೆಚ್ಚವನ್ನೂ ಉಪಾಧ್ಯಾಯರ ತರಬೇತಿಯ ವೆಚ್ಚವನ್ನೂ ಲೆಕ್ಕಹಾಕಲು ಕಲಿಯಬೇಕು. ಕೊನೆಯದಾಗಿ, ಬೇಡವಾದುದನ್ನು ಕಾರಣಸಹಿತವಾಗಿ ಬೇಡವೆನ್ನುವ ಧೈರ್ಯವನ್ನು ಗಳಿಸಬೇಕು. ಈ ಮೂರನೆಯದನ್ನು ಕಲಿಸದ ಪದವಿ ಸಮರ್ಥರಾದ ಗ್ರಾಹಕರನ್ನು ತಯಾರಿಸೀತು, ಮುಖ್ಯೋಪಾಧ್ಯಾಯರನ್ನು ತಯಾರಿಸಲಾರದು.