ಓದದವರ ಜಾಣ್ಮೆ: ಕಾಮಯಗೌಂಡನ್‌ಪಟ್ಟಿಯಿಂದ ಕವಿರಾಜಮಾರ್ಗದ ಓದು

ಮಧ್ಯಕಾಲೀನ ಕನ್ನಡದ ಶಿಕ್ಷಣಚಿಂತನೆಯನ್ನು ಕುರಿತ ಚರ್ಚೆಗಳು ಸಾಮಾನ್ಯವಾಗಿ ಅಗ್ರಹಾರ, ಘಟಿಕಾಸ್ಥಾನ, ಮಠ, ಬಸದಿಗಳಿಂದ ಆರಂಭವಾಗುತ್ತವೆ. ಶಾಸನಗಳು ದಾಖಲಿಸುವುದು ಹೆಚ್ಚಾಗಿ ದತ್ತಿ ಪಡೆದ ವಿದ್ಯೆಯನ್ನಾದ್ದರಿಂದ ಇದು ಸಹಜವೇ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ (ಆಳ್ವಿಕೆ 814–878) ಆಸ್ಥಾನದ ಶ್ರೀವಿಜಯನ ‘ಕವಿರಾಜಮಾರ್ಗ’ ಮಾತ್ರ ಬೇರೊಂದು ಪ್ರಶ್ನೆಯನ್ನು ಎತ್ತುತ್ತದೆ: ಓದದವನು ಏನನ್ನು ಬಲ್ಲ?

ನಾಡವರ ಸಹಜ ಕಾವ್ಯಪರಿಣತಿಯನ್ನು ಹೊಗಳುವ ಪದ್ಯವು ವೇದಿಕೆಗಳಲ್ಲಿ ಸವೆದುಹೋಗಿದೆ. ಅದರ ಬೆನ್ನಿಗೇ ಬರುವ ಪದ್ಯದತ್ತ ವಿಮರ್ಶೆಯ ಗಮನ ಹರಿದದ್ದು ಕಡಿಮೆ. ಅಲ್ಲಿ ಜಾಣತನವು ತಂತಮ್ಮ ನುಡಿಯೊಳಗೆ ಎಲ್ಲರಿಗೂ ಸಲ್ಲುತ್ತದೆ. ಎಳೆಯ ಮಕ್ಕಳನ್ನೂ ಮೂಗರನ್ನೂ ಶ್ರೀವಿಜಯ ವಿವೇಕದ ಹೊರಗಿಡುವುದಿಲ್ಲ. ಮೊದಲನೆಯದು ಒಂದು ನಾಡಿನ ಹೆಮ್ಮೆ, ಎರಡನೆಯದು ಮನುಷ್ಯಮಾತ್ರರನ್ನು ಕುರಿತ ಮಾತು. ವಿಯೆಟ್ನಾಮಿನಲ್ಲಿ 1075ರಲ್ಲಿ ಮೊದಲುಗೊಂಡ ರಾಜಪರೀಕ್ಷೆಗಳು ಶಾಸ್ತ್ರೀಯ ಚೀನೀ ಬರಹವನ್ನೇ ವಿದ್ಯೆಯ ಅಳತೆಗೋಲಾಗಿಸಿದ್ದನ್ನು ನೆನೆದರೆ ಈ ಮಾತಿನ ತೂಕ ತಿಳಿಯುತ್ತದೆ. ನ್ಗುಯೆನ್ ಚಾಯ್ ಅಲ್ಲಿ ನೋಮ್ ಲಿಪಿಯಲ್ಲಿ, ಜನರ ನುಡಿಯಲ್ಲಿ ಕವಿತೆ ಬರೆದದ್ದು 15ನೆಯ ಶತಮಾನದಲ್ಲಿ.

ಕಂಬಂ ಕಣಿವೆಯ ಕಾಮಯಗೌಂಡನ್‌ಪಟ್ಟಿಯಲ್ಲಿ ನಿಂತು ಓದಿದಾಗ ಶ್ರೀವಿಜಯನ ಹೆಮ್ಮೆ ಮತ್ತು ಔದಾರ್ಯ ಒಂದನ್ನೊಂದು ಬಿಟ್ಟು ದೂರ ಸರಿಯುತ್ತವೆ. ಅವನ ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗಿನದು. ಕನ್ನಡದ ತಿರುಳು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಿನದು. ತೇನಿ ಜಿಲ್ಲೆಯ ಈ ಊರು ಕಾವೇರಿಗೂ ತೆಂಕಣದ್ದು. ಡಬ್ಲ್ಯೂ. ಫ್ರಾನ್ಸಿಸ್ 1906ರ ಮಧುರಾ ಗೆಜೆಟಿಯರ್‌ನಲ್ಲಿ ಕನ್ನಡ ಮಾತಿನವರೆಂದು ಗುರುತಿಸಿದ ಕಪ್ಪಿಲಿಯರು ಈ ಕಣಿವೆಯ ಒಕ್ಕಲುಗಳು. ಮನೆಮಾತು ಕನ್ನಡ, ಶಾಲೆಯ ಅಕ್ಷರ ತಮಿಳು. ನಕ್ಷೆಯ ಪದ್ಯ ಇವರನ್ನು ಹೊರಗಿಡುತ್ತದೆ. ‘ತಂತಮ್ಮ ನುಡಿ’ಯ ಪದ್ಯ ಒಳಗೆ ಕರೆಯುತ್ತದೆ.

ಇಂಥ ಬೆರಕೆಯ ನುಡಿಯನ್ನು ಕೆಟ್ಟ ಕನ್ನಡವೆನ್ನುವವರು ಶ್ರೀವಿಜಯನನ್ನೇ ಸಾಕ್ಷಿಗೆ ಕರೆಯಬಹುದು. ಸಲ್ಲದ ಪದಬೆರಕೆಯನ್ನು ಅವನು ಕುದಿವ ಹಾಲಿಗೆ ಬಿದ್ದ ಮಜ್ಜಿಗೆಯ ಹನಿಗೆ ಹೋಲಿಸಿದ್ದಾನೆ. ಆದರೆ ಅದೇ ಶ್ರೀವಿಜಯ, ದೇಸಿ ಬೇರೆ ಬೇರೆಯಾದುದರಿಂದ ಕನ್ನಡಗಳ ದೋಷಗಳನ್ನು ಎಣಿಸಹೊರಟರೆ ವಾಸುಕಿಯೂ ಬೇಸತ್ತಾನು ಎನ್ನುತ್ತಾನೆ. ‘ಕನ್ನಡಂಗಳ್’ ಎಂಬ ಆ ಬಹುವಚನವೊಂದೇ ಸಾಕು. ತಿದ್ದಲು ಹೊರಟ ಲಾಕ್ಷಣಿಕ ಹೀಗೆ ಒಪ್ಪಿಕೊಳ್ಳುವುದು ಈ ಕೃತಿಯ ಅತ್ಯಂತ ಮಾನವೀಯವಾದ ಗಳಿಗೆ.

ಅದಕ್ಕೂ ಮಿತಿಯುಂಟು. ಓದದವರ ಜಾಣ್ಮೆಯನ್ನು ಮೆಚ್ಚುವ ಗ್ರಂಥವು ಅವರಿಗೆ ಓದನ್ನು ಒದಗಿಸುವ ಹೊಣೆಯನ್ನು ಎತ್ತುವುದಿಲ್ಲ. ಆಸ್ಥಾನದ ಕೃತಿಯಿಂದ ಅದನ್ನು ಬಯಸುವುದೂ ಅತಿಯಾದೀತು. ಆ ಹೊಣೆ ಬರಹರೂಪಕ್ಕೆ ಬಂದದ್ದು 1956ರಲ್ಲಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಯನ್ನು ಹೇಳುವ ಸಂವಿಧಾನದ 350ಎ ವಿಧಿಯಲ್ಲಿ. ಅಲ್ಲಿನ ‘ಮಾತೃಭಾಷೆ’ಯನ್ನು ಬೆಂಗಳೂರಿನ ಪಠ್ಯಪುಸ್ತಕದ ಕನ್ನಡವೆಂದು ತಿಳಿದರೆ ಕಣಿವೆಯ ಮಗುವಿಗೆ ಅದು ಎರಡನೆಯ ಪರನುಡಿಯಾಗಿ ಬರುತ್ತದೆ.