ಹತ್ತು ಮೀಟರಿನ ಹಿತ್ತಿಲು, ಇಪ್ಪತ್ತು ಜೂಲಿನ ಕೋವಿ

ಕೋಲ್ಕತ್ತದ ಗರಿಯಾಹಾಟ್ ಕೂಡುರಸ್ತೆಯಲ್ಲಿ ನಿಂತರೆ ತಾಂತ್ ಸೀರೆಯಿಂದ ಇಲಿಷ್ ಮೀನಿನವರೆಗೆ, ಹೇರ್‌ಪಿನ್ನಿನಿಂದ ಪೂಜೆಯ ಶಂಖದವರೆಗೆ ಸಿಗದ ವಸ್ತುವೇ ಕಡಿಮೆ. ಏರ್ ರೈಫಲ್ ಬೇಕೆಂದರೆ ಮಾತ್ರ ಬಸ್ಸು ಹತ್ತಿ ಧರ್ಮತಲಾ ಕಡೆಯ ಹಳೆಯ ಬಂದೂಕಿನ ಅಂಗಡಿಗಳಿಗೆ ಹೋಗಬೇಕು. ಹಾಗೆ ಹೋಗಿ ತರುವವರೂ ಇದ್ದಾರೆ. ಹಿಂದೂಸ್ತಾನ್ ಪಾರ್ಕ್, ಡೋವರ್ ಲೇನ್ ಕಡೆಯ ಕೆಲವು ಹಳೆಯ ಮನೆಗಳಿಗೆ ಇನ್ನೂ ಚೂರು ಹಿತ್ತಿಲು ಉಳಿದಿದೆ. ಒಂದು ಪೇರಲೆ ಗಿಡ, ಒಂದು ತುಳಸಿ, ಒಂದು ಕೊಳಾಯಿ, ಸುತ್ತ ಮೂರಂತಸ್ತಿನ ಗೋಡೆಗಳು. ಮಾರುಕಟ್ಟೆಯ ಮೀನಿನ ಕಸ ತಿಂದು ಕೊಬ್ಬಿದ ಹೆಗ್ಗಣಗಳು ರಾತ್ರಿ ಅಲ್ಲಿಗೆ ಬರುತ್ತವೆ, ಪಾರಿವಾಳಗಳು ಹಗಲಿಡೀ ಎ.ಸಿ. ಪೆಟ್ಟಿಗೆಯ ಮೇಲೆ ಸಂಸಾರ ಹೂಡುತ್ತವೆ. ಮನೆಯ ಯಜಮಾನನಿಗೆ ಒಂದು ದಿನ ರೋಸಿಹೋಗುತ್ತದೆ. ಕೋವಿ ಬರುತ್ತದೆ.

ಈ ಅಭ್ಯಾಸವನ್ನು ಒಟ್ಟಾಗಿ ಹೊಗಳಲೂ ಆಗದು, ಒಟ್ಟಾಗಿ ತೆಗಳಲೂ ಆಗದು. ಇದರಲ್ಲಿ ಎರಡು ಭಾಗಗಳಿವೆ. ಕೋವಿ ಆರಿಸಿ, ಅದರ ಗುರಿಯನ್ನು ಹೊಂದಿಸಿಕೊಳ್ಳುವುದು ಒಂದು; ಹಿತ್ತಿಲಿನ ಪ್ರಾಣಿಗೆ ಈಡು ಹೊಡೆಯುವುದು ಇನ್ನೊಂದು. ಮೊದಲನೆಯದು ಸೊಗಸಾದ ಕಸುಬು. ಎರಡನೆಯದು ನಪಾಸಾಗುತ್ತದೆ. ತಮಾಷೆಯೆಂದರೆ, ಅದನ್ನು ನಪಾಸು ಮಾಡುವುದು ಮೊದಲನೆಯದೇ.

ಆಯ್ಕೆಯಿಂದ ಶುರುಮಾಡೋಣ. ಕೊಳ್ಳಲು ಬಂದ ಹತ್ತರಲ್ಲಿ ಒಂಬತ್ತು ಮಂದಿ ಕೇಳುವ ಪ್ರಶ್ನೆ, ‘ಪವರ್ ಎಷ್ಟು?’ 2016ರ ಆಯುಧ ನಿಯಮಗಳು ಈ ಪ್ರಶ್ನೆಗೆ ಉತ್ತರವನ್ನು ಮೊದಲೇ ಬರೆದಿಟ್ಟಿವೆ: ನಳಿಗೆಯ ಬಾಯಲ್ಲಿ ಶಕ್ತಿ 20 ಜೂಲ್ ಮೀರಿದರೆ, ಇಲ್ಲವೇ ನಳಿಗೆಯ ರಂಧ್ರ 4.5 ಮಿಲಿಮೀಟರ್ ಮೀರಿದರೆ ಲೈಸೆನ್ಸ್ ಬೇಕು. ಇಂಗ್ಲೆಂಡಿನ ಇಲಿ ಬೇಟೆಗಾರರು ಇಷ್ಟಪಡುವ ಪಾಯಿಂಟ್ ಟೂ ಟೂ, ಅಂದರೆ 5.5 ಮಿಲಿಮೀಟರಿನದು, ಇಲ್ಲಿ ಲೈಸೆನ್ಸಿನ ಸರಕು. ಆದ್ದರಿಂದ ಅಲ್ಲಿನ ಸಲಹೆ ಓದಿಕೊಂಡು ಅಂಗಡಿಗೆ ಹೋದವರು ನಿರಾಶರಾಗಿ ಪಾಯಿಂಟ್ ಒನ್ ಸೆವೆನ್ ಸೆವೆನ್‌ಗೆ ಇಳಿಯುತ್ತಾರೆ. ನಿರಾಶೆಗೆ ಕಾರಣವಿಲ್ಲ. ಅರ್ಧ ಗ್ರಾಂ ತೂಕದ ಪೆಲೆಟ್ ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ 10 ಜೂಲ್. ಒಲಿಂಪಿಕ್ಸಿನ ಹತ್ತು ಮೀಟರ್ ರೈಫಲ್‌ಗಳು ಅಷ್ಟನ್ನೂ ಬಳಸುವುದಿಲ್ಲ. ನಮ್ಮ ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಸುಮಾ ಶಿರೂರು 2004ರಲ್ಲಿ ಕೌಲಾಲಂಪುರದ ಏಷ್ಯನ್ ಚಾಂಪಿಯನ್‌ಶಿಪ್ಪಿನಲ್ಲಿ 400ಕ್ಕೆ 400 ಅಂಕ ಪಡೆದು ವಿಶ್ವದಾಖಲೆ ಸರಿಗಟ್ಟಿದ್ದು ಅಂಥ ಸಾಧು ರೈಫಲ್ಲಿನಿಂದ. ಅದರ ಗುರಿಹಾಳೆಯ ನಡುವಿನ ‘ಹತ್ತು’ ಅರ್ಧ ಮಿಲಿಮೀಟರಿನ ಚುಕ್ಕಿ.

ಶಕ್ತಿ ಹೆಚ್ಚಿದಷ್ಟೂ ಸ್ಪ್ರಿಂಗ್ ಕೋವಿ ಕೈಯಲ್ಲಿ ಒದ್ದಾಡುತ್ತದೆ. ಗುಂಡು ನಳಿಗೆ ಬಿಡುವ ಮೊದಲೇ ಒಳಗಿನ ಪಿಸ್ಟನ್ ಮುಂದೆ ಚಿಮ್ಮಿ ಕೋವಿಯನ್ನು ಹಿಂದಕ್ಕೆ ತಳ್ಳುತ್ತದೆ, ಮರುಕ್ಷಣ ಕೊನೆ ಮುಟ್ಟಿ ಮುಂದಕ್ಕೆ ಎಳೆಯುತ್ತದೆ. ಈ ಎರಡು ದಿಕ್ಕಿನ ಜಗ್ಗಾಟಕ್ಕೆ ಸಾಧಾರಣ ಸ್ಕೋಪ್‌ಗಳು ಬೇಗ ಕೆಡುತ್ತವೆ. ದೊಡ್ಡ ಬಂದೂಕಿನ ಒದೆತ ತಡೆದ ಸ್ಕೋಪ್ ಕೂಡ ಇದರ ಮೇಲೆ ಸೋತದ್ದುಂಟು. ಹಿತ್ತಿಲಿಗೆಂದು ಕೊಳ್ಳುವವನು ಎಂಟು ಹತ್ತು ಜೂಲಿನ, ಕುದುರೆ ಮೆತ್ತಗಿರುವ, ಗಟ್ಟಿ ಫೋರ್‌ಸೈಟ್ ಬ್ಯಾಕ್‌ಸೈಟ್ (ಗುರಿ ಹಿಡಿಯುವ ಮುಂದಿನ, ಹಿಂದಿನ ನೋಟಗಳು) ಇರುವ ಕೋವಿ ಆರಿಸಿದರೆ ಜಾಣ. ಅಂಗಡಿಯಲ್ಲಿ ಅದನ್ನು ತೋರಿಸಿ ಎಂದರೆ, ‘ಅದು ಮಕ್ಕಳದು ದಾದಾ’ ಎಂಬ ಉತ್ತರ ಬರುವ ಸಂಭವವೇ ಹೆಚ್ಚು.

ಪೆಲೆಟ್ಟಿನ ಡಬ್ಬಿಗಳ ಮುಂದೆ ಇನ್ನೊಂದು ಆಮಿಷ ಕಾದಿರುತ್ತದೆ. ಚಪ್ಪಟೆ ಮೂತಿಯದು, ಗುಂಡು ಮೂತಿಯದು, ಚೂಪು ಮೂತಿಯದು, ತುದಿಯಲ್ಲಿ ಗುಳಿ ಬಿದ್ದದ್ದು. ಕೊನೆಯದು ಒಳಹೊಕ್ಕು ಅರಳುತ್ತದೆ ಎಂಬ ನಂಬಿಕೆಯಿಂದ ಬಿಕರಿಯಾಗುತ್ತದೆ. ಅರಳುವ ಗುಂಡಿಗೆ ಲೋಕದಲ್ಲೆಲ್ಲ ಹೆಸರು ಕೊಟ್ಟದ್ದು ಇದೇ ಊರಿನ ಉತ್ತರಕ್ಕಿರುವ ದಮ್‌ದಮ್‌ನ ಮದ್ದುಗುಂಡಿನ ಕಾರ್ಖಾನೆ. 1899ರ ಹೇಗ್ ಸಮಾವೇಶ ಯುದ್ಧದಲ್ಲಿ ಅಂಥ ಗುಂಡನ್ನು ನಿಷೇಧಿಸಿತು. ಹತ್ತು ಜೂಲಿನ ಪೆಲೆಟ್ಟಿಗೆ ಚೆನ್ನಾಗಿ ಅರಳುವಷ್ಟು ವೇಗ ಸಾಮಾನ್ಯವಾಗಿ ಇರುವುದಿಲ್ಲ. ಗುರಿ ಹೊಂದಿಸಲು ಚಪ್ಪಟೆ ಮೂತಿಯದೇ ಮೇಲು: ಕಾಗದವನ್ನು ಪಂಚ್ ಮಾಡಿದ ಹಾಗೆ ದುಂಡಗೆ ಕತ್ತರಿಸುತ್ತದೆ, ತೂತು ಎಲ್ಲಿ ಬಿತ್ತೆಂಬ ಜಗಳವಿರುವುದಿಲ್ಲ.

ಇನ್ನು ಗುರಿ ಹೊಂದಿಸುವುದು, ಎನ್‌ಸಿಸಿ ಹುಡುಗರ ಮಾತಿನಲ್ಲಿ ‘ಜೀರೋ’ ಮಾಡುವುದು. ನಮ್ಮ ಶಿಕಾರಿ ಕಥೆಗಳಲ್ಲಿ ಹುಲಿ ಉರುಳಿದ ಸಂಜೆ ಪುಟಗಟ್ಟಲೆ ಬರುತ್ತದೆ, ಕೋವಿ ಹೊಂದಿಸಿಕೊಂಡ ಬೆಳಗು ಅಪರೂಪ. ಆದರೆ ಈ ವಿದ್ಯೆಯ ಸಾರವೆಲ್ಲ ಆ ಬೆಳಗಿನಲ್ಲಿದೆ.

ಹೊಸ ಕೋವಿ ಮೊದಲ ದಿನಗಳಲ್ಲಿ ಹೊಗೆ ಕಾರುತ್ತದೆ. ಒಳಗಿನ ಎಣ್ಣೆ ಒತ್ತಡಕ್ಕೆ ಉರಿದು ಒಂದು ಈಡು ಜೋರು, ಒಂದು ಮೆತ್ತಗೆ. ಅದು ನಿಲ್ಲುವ ತನಕ ಸೈಟ್ ತಿರುಗಿಸುವುದು ದಂಡ. ಆಮೇಲೆ ಮರದ ಹಿಡಿಯ ತಿರುಪುಗಳನ್ನು ಬಿಗಿ ಮಾಡಬೇಕು. ಅರ್ಧ ಸುತ್ತು ಸಡಿಲವಿದ್ದರೂ ಗುಂಡುಗಳು ಚೆದರುತ್ತವೆ, ನಾವು ಸೈಟನ್ನು ಬೈಯುತ್ತೇವೆ. ಮೇಜಿನ ಮೇಲೆ ಅಕ್ಕಿಚೀಲ ಇಟ್ಟು ಅದರ ಮೇಲೆ ಕೋವಿಯನ್ನು ಗಟ್ಟಿಯಾಗಿ ಒತ್ತಿಹಿಡಿಯುವವರು ಬಹಳ. ಸ್ಪ್ರಿಂಗ್ ಕೋವಿಗೆ ಅದು ಆಗಿಬರುವುದಿಲ್ಲ. ಚೀಲದ ಮೇಲೆ ಅಂಗೈ, ಅಂಗೈ ಮೇಲೆ ಕೋವಿ, ಎಳೆಗೂಸಿನ ತಲೆಗೆ ಕೈಕೊಟ್ಟ ಹಾಗೆ ಆಸರೆ ಮಾತ್ರ. ಅದರ ಜಗ್ಗಾಟ ಪ್ರತಿಸಲ ಒಂದೇ ರೀತಿ ನಡೆಯಲು ಬಿಟ್ಟರೆ ಗುಂಡುಗಳೂ ಒಂದೇ ಕಡೆ ಬೀಳುತ್ತವೆ.

ಹತ್ತು ಮೀಟರ್ ದೂರದಲ್ಲಿ ಬಿಳಿ ಕಾಗದ, ನಡುವೆ ಕಪ್ಪು ಬೊಟ್ಟು. ಐದು ಈಡು. ಒಂದೊಂದು ಈಡಿಗೂ ಸೈಟ್ ತಿರುಗಿಸುವ ಚಟ ಬಿಡಬೇಕು. ಒಂದು ತೂತು ಏನನ್ನೂ ಹೇಳದು, ಐದು ತೂತುಗಳ ಗುಂಪು ಹೇಳುತ್ತದೆ. ಗುಂಪಿನ ನಡುಮಧ್ಯ ಎಡಕ್ಕಿದ್ದರೆ ಬ್ಯಾಕ್‌ಸೈಟನ್ನು ಬಲಕ್ಕೆ ಸರಿಸಬೇಕು, ಕೆಳಗಿದ್ದರೆ ಎತ್ತಬೇಕು. ಗುಂಡು ಎತ್ತ ಹೋಗಬೇಕೋ ಅತ್ತ ಬ್ಯಾಕ್‌ಸೈಟ್. ಫೋರ್‌ಸೈಟಿನದು ಇದಕ್ಕೆ ತದ್ವಿರುದ್ಧ. ಎರಡು ಸೈಟುಗಳ ನಡುವೆ ನಲವತ್ತು ಸೆಂಟಿಮೀಟರ್ ಇದ್ದರೆ, ಒಂದು ಮಿಲಿಮೀಟರ್ ಸರಿಸಿದ್ದು ಹತ್ತು ಮೀಟರಿನಲ್ಲಿ ಎರಡೂವರೆ ಸೆಂಟಿಮೀಟರ್ ಆಗುತ್ತದೆ. ಬಂಗಾಳದ ಮೇಳಗಳಲ್ಲಿ, ನಮ್ಮ ಜಾತ್ರೆಗಳಲ್ಲಿ ಬಲೂನು ಹೊಡೆಯುವ ಮಳಿಗೆಯ ಪಳಗಿದ ಹುಡುಗರು ಈ ಲೆಕ್ಕವನ್ನು ಬೇರೆ ರೀತಿ ಬಲ್ಲರು. ಸೈಟ್ ಸೊಟ್ಟಗಿರುವ ಕೋವಿಯಲ್ಲಿ ಮೊದಲ ಗುಂಡನ್ನು ಹಲಗೆಗೆ ಹೊಡೆದು, ಅದು ಎಷ್ಟು ಎಡಕ್ಕೆ ಹೋಯಿತೋ ಅಷ್ಟು ಬಲಕ್ಕೆ ಗುರಿ ಇಟ್ಟು ಉಳಿದ ಬಲೂನುಗಳನ್ನು ಒಡೆಯುತ್ತಾರೆ.

ಸ್ಕೋಪ್ ಹಾಕಿದವನ ಕಥೆ ಇಲ್ಲಿ ಕೆಡುತ್ತದೆ. ಸ್ಕೋಪ್ ನಳಿಗೆಗಿಂತ ನಾಲ್ಕೂವರೆ ಸೆಂಟಿಮೀಟರ್ ಮೇಲೆ ಕೂತಿರುತ್ತದೆ. ಅಂಥ ಹತ್ತು ಜೂಲಿನ ಕೋವಿಯನ್ನು 25 ಮೀಟರಿಗೆ ಹೊಂದಿಸಿದರೆ ಹತ್ತು ಮೀಟರಿನಲ್ಲಿ ತಪ್ಪು ಅತ್ಯಲ್ಪ. ಐದು ಮೀಟರಿನಲ್ಲಿ ಗುಂಡು ಸುಮಾರು ಎರಡು ಸೆಂಟಿಮೀಟರ್ ಕೆಳಗೆ ಬೀಳುತ್ತದೆ. ಹೆಗ್ಗಣವನ್ನು ಒಂದೇಟಿಗೆ ಕೊಲ್ಲಬಹುದಾದ ಜಾಗ, ಕಣ್ಣು ಕಿವಿಗಳ ನಡುವಿನದು, ಅಷ್ಟೇ ಅಗಲ. ಎಂದರೆ ಗುರಿ ಸರಿಯಿಟ್ಟವನ ಗುಂಡೂ ದವಡೆಗೋ ಕುತ್ತಿಗೆಗೋ ತಗುಲಿ, ಪ್ರಾಣಿ ಮೋರಿಯೊಳಗೆ ನುಸುಳಿ ಎರಡು ದಿನ ನರಳಿ ಸಾಯುತ್ತದೆ; ಮೂರನೆಯ ದಿನ ಮನೆಯೆಲ್ಲ ನಾರುತ್ತದೆ. ಗರಿಯಾಹಾಟ್‌ನ ಹಿತ್ತಿಲುಗಳಲ್ಲಿ ಈಡಿನ ದೂರ ನಾಲ್ಕರಿಂದ ಹನ್ನೆರಡು ಮೀಟರ್. ಸ್ಕೋಪಿನ ಲೆಕ್ಕ ಅತಿ ಹೆಚ್ಚು ತಪ್ಪುವುದು ಈ ದೂರದ ಮೊದಲರ್ಧದಲ್ಲೇ.

ಹಾಗಾದರೆ ಬರಿಯ ಸೈಟು? ಹಗಲಿನಲ್ಲಿ ಒಪ್ಪುವ ಮಾತು. ಹೆಗ್ಗಣ ಹೊರಡುವುದು ಕತ್ತಲಾದ ಮೇಲೆ. ಕಪ್ಪು ಫೋರ್‌ಸೈಟ್, ಪಾಚಿಗಟ್ಟಿದ ಕಪ್ಪು ಗೋಡೆ, ಟಾರ್ಚ್ ಹಿಡಿಯಲು ಮೂರನೆಯ ಕೈ ಇಲ್ಲ. ಬೆಳಗ್ಗೆ ಕಾಗದದ ಮೇಲೆ ನಾಣ್ಯದಷ್ಟು ಗುಂಪು ತೆಗೆದವನು ರಾತ್ರಿ ಮುಷ್ಟಿಯಷ್ಟು ಅಗಲಕ್ಕೆ ಚೆದರುತ್ತಾನೆ. ಗುರಿ ಹೊಂದಿಸಿದ ಕಾಗದವನ್ನು ಪ್ರಾಮಾಣಿಕವಾಗಿ ಓದಿದವನಿಗೆ ಈ ಈಡು ತನ್ನದಲ್ಲ ಎಂದು ಅಲ್ಲೇ ತಿಳಿಯುತ್ತದೆ. ಹೆಚ್ಚಿನವರು ಕಾಗದ ಓದುವುದಿಲ್ಲ, ಅತ್ಯುತ್ತಮ ಗುಂಪನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳುತ್ತಾರೆ.

ಗುರಿಯ ಹಿಂದೆ ಏನಿದೆ ಎಂಬ ಪ್ರಶ್ನೆ ಇನ್ನೂ ಗಂಭೀರ. ಕಾಗದದ ಹಿಂದೆ ಹಳೆಯ ಕಂಬಳಿ ತುರುಕಿದ ಮರದ ಪೆಟ್ಟಿಗೆ ಇಡಬಹುದು. ಹೆಗ್ಗಣದ ಹಿಂದೆ ಇರುವುದು ಸಿಮೆಂಟು. ಸೀಸದ ಪೆಲೆಟ್ ಸಿಮೆಂಟಿಗೆ ಬಡಿದು ಯಾವ ಕಡೆಗಾದರೂ ಹಾರುತ್ತದೆ, ಕಣ್ಣು ತೆಗೆಯುವ ಶಕ್ತಿ ಅದಕ್ಕೆ ಆಗಲೂ ಇರುತ್ತದೆ. ಪಾರಿವಾಳದ ಹಿಂದೆ ಇರುವುದು ಆಕಾಶ, ಇಲ್ಲವೇ ಎದುರುಮನೆಯ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿರುವ ಮಾಶಿಮಾ. ಮೇಲಕ್ಕೆ ಹಾರಿಸಿದ ಗುಂಡು ನೂರಾರು ಮೀಟರ್ ಆಚೆ ಇಳಿಯುತ್ತದೆ; ಗರಿಯಾಹಾಟ್‌ನಲ್ಲಿ ಅಷ್ಟು ದೂರದೊಳಗೆ ಜನವಿಲ್ಲದ ಒಂದಡಿ ನೆಲವೂ ಇಲ್ಲ.

ಇಷ್ಟೆಲ್ಲ ದಾಟಿ ಒಂದು ಹೆಗ್ಗಣ ಸತ್ತಿತೆನ್ನಿ. ಕೋಲ್ಕತ್ತದ ಹೆಗ್ಗಣದ ಮೇಲೆ ಒಂದು ದೊಡ್ಡ ಅಧ್ಯಯನವೇ ಇದೆ: ಹುವಾನ್ ಸ್ಪಿಲೆಟ್ ಇಲ್ಲಿನ ದವಸದ ಗೋದಾಮುಗಳಲ್ಲಿ ನಡೆಸಿ 1968ರಲ್ಲಿ ಪ್ರಕಟಿಸಿದ್ದು. ಹೆಗ್ಗಣದ ಬಸಿರಿಗೆ ಮೂರು ವಾರ ಸಾಕು, ಒಂದು ಸೂಲಿಗೆ ಆರೇಳು ಮರಿ ಮಾಮೂಲು. ಸ್ಪಿಲೆಟ್‌ಗೆ ಆಸರೆ ಕೊಟ್ಟಿದ್ದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ, ಅದಕ್ಕೂ ಮೊದಲು 1940ರ ದಶಕದಲ್ಲಿ, ಡೇವಿಡ್ ಡೇವಿಸ್ ಮತ್ತು ಜೊತೆಗಾರರು ಬಾಲ್ಟಿಮೋರ್ ಕೇರಿಗಳ ಇಲಿಗಳನ್ನು ಲೆಕ್ಕಹಾಕಿ ತೋರಿಸಿದ್ದರು: ಹಿಡಿದು, ವಿಷವಿಟ್ಟು ಎಷ್ಟು ಕೊಂದರೂ ಸಂಖ್ಯೆ ಮತ್ತೆ ಮೊದಲಿನ ಮಟ್ಟಕ್ಕೇ ಬರುತ್ತದೆ, ತಿನ್ನುವ ಕಸ, ಅಡಗುವ ಸಂದು ಕಡಿಮೆಯಾದರೆ ಮಾತ್ರ ಆ ಮಟ್ಟವೇ ಇಳಿಯುತ್ತದೆ. ಗರಿಯಾಹಾಟ್‌ನ ದಕ್ಷಿಣದ ಢಾಕುರಿಯಾ ಸೇತುವೆಯ ಬುಡವನ್ನೇ ಇಲಿಗಳು ಕೊರೆದ ಸುದ್ದಿ ಇಲ್ಲಿನ ಪತ್ರಿಕೆಗಳಲ್ಲಿ ಬಂದಿದೆ. ಆ ಸೈನ್ಯದ ಎದುರು ಒಂದು ಸಲಕ್ಕೆ ಒಂದೇ ಗುಂಡು ತುಂಬುವ ಕೋವಿ.

ಕಾನೂನು ಕೂಡ ಬದಲಾಗಿದೆ, ಅದು ಹಿತ್ತಿಲಿನವರ ಗಮನಕ್ಕೆ ಬಂದಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಐದನೆಯ ಅನುಸೂಚಿ ಕಾಗೆ, ಇಲಿ, ಹಣ್ಣುಬಾವಲಿಗಳನ್ನು ಪೀಡೆ ಎಂದು ಕರೆದಿತ್ತು. 2022ರ ತಿದ್ದುಪಡಿಯಲ್ಲಿ ಆ ಅನುಸೂಚಿಯೇ ರದ್ದಾಯಿತು; ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಮಲೆನಾಡಿನಲ್ಲಿ ಅಡಿಕೆ, ಬಾಳೆ ಉಳಿಸಿಕೊಳ್ಳಲು ಮಂಗಕ್ಕೆ ಏರ್‌ಗನ್ ತೋರಿಸುವವರ ಸಂಕಟ ನಿಜವಾದದ್ದು, ಗರಿಯಾಹಾಟ್‌ನ ಪಾರಿವಾಳದ ಕಿರಿಕಿರಿಗಿಂತ ಎಷ್ಟೋ ದೊಡ್ಡದು. ಆದರೆ ಅದೇ ತಿದ್ದುಪಡಿ ನಮ್ಮ ಮಂಗವನ್ನು ಒಂದನೆಯ ಅನುಸೂಚಿಗೆ ಏರಿಸಿದೆ. ಒಂದು ಪೆಲೆಟ್ಟಿಗೆ ಕನಿಷ್ಠ ಮೂರು ವರ್ಷ ಜೈಲು. ಅರುಣಾಚಲ ಪ್ರದೇಶದವರು ಇನ್ನೊಂದು ದಾರಿ ಹಿಡಿದರು. ಮಕ್ಕಳಿಂದ ಹಿರಿಯರವರೆಗೆ ಏರ್‌ಗನ್ ಹಿಡಿದು ಕಾಡಿನ ಹಕ್ಕಿಗಳನ್ನು ಬರಿದು ಮಾಡುತ್ತಿದ್ದಾಗ, 2021ರಲ್ಲಿ ಪೂರ್ವ ಕಾಮೆಂಗ್ ಜಿಲ್ಲೆಯ ಲುಮ್‌ಡುಂಗ್‌ನಲ್ಲಿ ಏರ್‌ಗನ್ ಒಪ್ಪಿಸುವ ಅಭಿಯಾನ ಶುರುವಾಗಿ ಎರಡು ಸಾವಿರಕ್ಕೂ ಹೆಚ್ಚು ಕೋವಿಗಳು ಸರ್ಕಾರದ ಕೈಸೇರಿದವು.

ಕೋವಿಯ ಪರವಾಗಿ ಒಂದು ಮಾತು ಹೇಳಲೇಬೇಕು: ಅದು ಇಲಿಪಾಷಾಣಕ್ಕಿಂತ ಮೇಲು. ವಿಷ ತಿಂದು ತೂಕಡಿಸುವ ಇಲಿಯನ್ನು ಹಿಡಿದ ಗೂಬೆಯೂ ಸಾಯಬಹುದು. ಬಂಗಾಳಿ ಮನೆಗಳಲ್ಲಿ ಕಣಜಗೂಬೆ ಲಕ್ಷ್ಮಿಯ ವಾಹನ, ‘ಲೊಕ್ಖಿ ಪೇಂಚಾ’. ಮಾಳಿಗೆಯ ಸಂದಿನಲ್ಲಿ ಗೂಡು ಕಟ್ಟಿದರೆ ಓಡಿಸುವುದಿಲ್ಲ. ಕತ್ತಲಲ್ಲಿ ಕಿವಿಯಿಂದಲೇ ಗುರಿ ಹಿಡಿಯುವ ಆ ಹಕ್ಕಿಗೆ ಜೀರೋ ಮಾಡುವ ತಾಪತ್ರಯವಿಲ್ಲ, ಲೈಸೆನ್ಸೂ ಬೇಡ.

ಹಾಗೆಂದು ಕೋವಿ ಕೊಳ್ಳುವ ಆಸೆ ಇರುವವರಿಗೆ ಬೇಡ ಎನ್ನಲಾರೆ. ಗುರುತಿನ ಚೀಟಿ ಕೊಟ್ಟು ರಸೀದಿ ಪಡೆದು, ಕಡಿಮೆ ಜೂಲಿನದನ್ನು ತನ್ನಿ, ಪೆಲೆಟ್ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯಿರಿ, ರೈಫಲ್ ಕ್ಲಬ್ಬೊಂದರಲ್ಲಿ ಹೆಸರು ಬರೆಸಿ ಹತ್ತು ಮೀಟರಿನ ಕಾಗದಕ್ಕೆ ಹೊಡೆಯಿರಿ. 2012ರ ಲಂಡನ್ ಒಲಿಂಪಿಕ್ಸಿನಲ್ಲಿ 50 ಮೀಟರ್ ರೈಫಲ್ ಪ್ರೋನ್‌ನಲ್ಲಿ ನಾಲ್ಕನೆಯವರಾದ ಜಯದೀಪ್ ಕರ್ಮಾಕರ್ ಈ ಊರಿನವರೇ. ಕಲಿಯಬೇಕೆಂದವರಿಗೆ ಇಲ್ಲಿ ದಾರಿ ಇದೆ. ಹಿತ್ತಿಲಿನ ಕೆಲಸಕ್ಕೆ ಬೇರೆಯ ಸಾಮಾನು ಬೇಕು: ಮೋರಿಯ ಬಾಯಿಗೆ ಬೆರಳು ತೂರದಷ್ಟು ಸಣ್ಣ ಕಣ್ಣಿನ ಕಬ್ಬಿಣದ ಜಾಲರಿ, ಬಿಗಿ ಮುಚ್ಚಳದ ಕಸದ ಡಬ್ಬಿ, ಎ.ಸಿ. ಪೆಟ್ಟಿಗೆಯ ಸುತ್ತ ನೈಲಾನ್ ಬಲೆ, ಗೋಡೆಯ ಬಿಲಗಳಿಗೆ ಗಾಜಿನ ಚೂರು ಬೆರೆಸಿದ ಸಿಮೆಂಟು. ಗರಿಯಾಹಾಟ್ ಮಾರುಕಟ್ಟೆಯ ಆಸುಪಾಸಿನಲ್ಲೇ ಇವೆಲ್ಲ ಸಿಗುತ್ತವೆ, ಒಟ್ಟು ಖರ್ಚು ಒಂದು ಒಳ್ಳೆಯ ಸ್ಕೋಪಿನಷ್ಟಾಗುವುದಿಲ್ಲ.